ಹೆಚ್ಚಿದಷ್ಟೂ ಹೆಚ್ಚು

ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿಯ ಬೆಲೆ ಹೆಚ್ಚುತ್ತದೆ. ಅದೇ ಊರಿನ ಅಡುಗೆಮನೆಯಲ್ಲಿ ಕೊಬ್ಬರಿಯನ್ನು ಹೆಚ್ಚುತ್ತಾರೆ. ಎರಡು ಕಡೆಯೂ ಒಂದೇ ಮಾತು, ಆದರೆ ಕೇಳಿದವರಾರೂ ಗಲಿಬಿಲಿಗೊಂಡದ್ದಿಲ್ಲ. ಗಲಿಬಿಲಿ ಆಗುವುದಿದ್ದರೆ ಅದು ಅತ್ತೆಯೊಬ್ಬರು ಒಳಗಿನಿಂದ ‘ಬದನೆಕಾಯಿ ಹೆಚ್ಚಾಯ್ತೇನಮ್ಮಾ?’ ಎಂದು ಕೇಳಿದಾಗ. ಹೆಚ್ಚಿ ಮುಗಿಯಿತೇ ಎಂದೋ, ಅಳತೆಗಿಂತ ಜಾಸ್ತಿಯಾಯಿತೇ ಎಂದೋ? ಸೊಸೆ ಎರಡಕ್ಕೂ ‘ಹ್ಞೂಂ’ ಎಂದು ತಪ್ಪಿಸಿಕೊಳ್ಳಬಹುದು.

ಏರಿಕೆಯ ‘ಹೆಚ್ಚು’ ಹಳಗನ್ನಡದ ‘ಪೆರ್ಚು’ವಿನ ಮೊಮ್ಮಗ. ಪಾಲ್ ಹಾಲಾದ, ಪೂ ಹೂವಾದ ದಾರಿಯಲ್ಲೇ ನಡೆದು ಹಕಾರಕ್ಕೆ ಬಂತು. ತರಕಾರಿಯ ‘ಹೆಚ್ಚು’ವನ್ನೂ ಇದಕ್ಕೇ ಗಂಟು ಹಾಕಿ, ಒಂದು ಬದನೆಕಾಯಿ ಇಪ್ಪತ್ತು ಹೋಳಾಗುತ್ತದಲ್ಲ, ಹೆಚ್ಚಾಯಿತಲ್ಲ ಎಂದು ವಾದಿಸುವುದು ಸುಲಭ. ಜಾಣ ಮಾತು ನಿಜ, ಪುರಾವೆ ಅಲ್ಲ. ಇನ್ನೂ ವಿಚಿತ್ರವೆಂದರೆ, ಬಳೆ ಒಡೆಯಿತು ಎನ್ನಲು ನಾಲಿಗೆ ಬಾರದ ಕೆಲವು ಮನೆಗಳಲ್ಲಿ ‘ಬಳೆ ಹೆಚ್ಚಿತು’ ಎನ್ನುವ ರೂಢಿಯಿದೆ. ಚೂರಾದದ್ದನ್ನು ಬೆಳೆದದ್ದೆಂದು ಕರೆಯುವ ಈ ಶುಭಮಾತಿನಲ್ಲಿ ಎರಡೂ ಅರ್ಥಗಳು ಒಂದರ ಮೈಮೇಲೊಂದು ಬಿದ್ದಿವೆ.

ಹೆಚ್ಚುವ ಕೆಲಸದ ಹಳೆಯ ಪೀಠ ಈಳಿಗೆಮಣೆ. ಬೇಲೂರಿನಿಂದ ಪಶ್ಚಿಮಕ್ಕೆ ಮಲೆನಾಡು ಹತ್ತಿದರೆ ಮೆಟ್ಟುಗತ್ತಿ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ತೆಲುಗರಿಗೆ ಅದು ಕತ್ತಿಪೀಟ, ತಮಿಳರಿಗೆ ಅರುವಾಮನೈ, ಬಂಗಾಳಿಗಳಿಗೆ ಬೊಂಟಿ. ಮರದ ಮಣೆ, ಅದರ ಮೇಲೆ ನೆಟ್ಟಗೆ ನಿಂತು ಬಾಗಿದ ಅಲಗು, ಬಹಳ ಸಲ ಅಲಗಿನ ನೆತ್ತಿಯಲ್ಲಿ ಕಾಯಿ ತುರಿಯಲು ಹಲ್ಲಿನ ಬಿಲ್ಲೆ. ಚಾಕುವಿನಲ್ಲಿ ಅಲಗು ಓಡಾಡುತ್ತದೆ, ತರಕಾರಿ ಸುಮ್ಮನಿರುತ್ತದೆ. ಈಳಿಗೆಯಲ್ಲಿ ಅಲಗು ಕದಲುವುದಿಲ್ಲ, ತರಕಾರಿಯೇ ಅದರ ಬಳಿಗೆ ಹೋಗಬೇಕು. ಮಣೆಯನ್ನು ಕಾಲು ಒತ್ತಿ ಹಿಡಿಯುವುದರಿಂದ ಎರಡು ಕೈಯೂ ಬಿಡುವು. ಒಂದು ಕಂತೆ ದಂಟಿನ ಸೊಪ್ಪನ್ನು ಎರಡು ಮುಷ್ಟಿಯಲ್ಲಿ ಬಿಗಿಹಿಡಿದು ಸರಸರನೆ ಹೆಚ್ಚಲು, ಅಂಟು ಸುರಿಸುವ ಹಲಸಿನಕಾಯಿಯನ್ನು ತಿರುಗಿಸಿ ತಿರುಗಿಸಿ ಕೊಯ್ಯಲು ಇದಕ್ಕಿಂತ ಅನುಕೂಲದ ಸಾಧನ ಇರಲಿಲ್ಲ. ಒಲೆ ನೆಲದಿಂದ ಎದ್ದು ಕಟ್ಟೆ ಹತ್ತಿದಾಗ ಅಡುಗೆಯವರೂ ಎದ್ದು ನಿಂತರು. ನಿಂತು ಕೆಲಸ ಮಾಡುವವರಿಗೆ ಕೂತು ಹೆಚ್ಚುವ ಮಣೆ ಬೇಡವಾಯಿತು. ಮಂಡಿನೋವಿನವರ ಕಡೆಯಿಂದ ನೋಡಿದರೆ ಇದರಲ್ಲಿ ಕೊರಗುವಂಥದ್ದೇನೂ ಇಲ್ಲ.

ಕೊಬ್ಬರಿಯ ವಿಷಯಕ್ಕೆ ಬರೋಣ. ಅರಸೀಕೆರೆ, ಪಕ್ಕದ ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಅವಸರದ ಪದಾರ್ಥವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನೇ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು, 2025ಕ್ಕೆ 12,100 ಮಾಡಿತು. ಬೆಲೆ ಹೆಚ್ಚಿದ್ದು ನೂರು ರೂಪಾಯಿ.

ಮನೆಯ ಲೆಕ್ಕ ಕ್ವಿಂಟಲಿನದಲ್ಲ, ಕಾಳಿನದು. ಸಂಕ್ರಾಂತಿಗೆ ವಾರಗಳ ಮೊದಲೇ ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯದನ್ನು ಸೀಳಿಕೊಂಡು, ಆ ಸೀಳುಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಹೆಚ್ಚಿ ಬಿಸಿಲಿಗೆ ಹರವುತ್ತಿದ್ದರು. ಅಚ್ಚು ಬೆಲ್ಲಕ್ಕೆ ಚಾಕು ಸಾಲದು, ಅದಕ್ಕೆ ಅಡಕತ್ತರಿ. ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ ಬೇಳೆ ಒಡೆದು, ಹುರಿಗಡಲೆ, ಬಿಳಿ ಎಳ್ಳಿನ ಜೊತೆ ಕಲೆಸಿದರೆ ‘ಎಳ್ಳು’ ಸಿದ್ಧ. ಹಬ್ಬದ ಸಂಜೆ ಎಳ್ಳು ಬೀರಲು ಹೋದ ಮನೆಯಲ್ಲಿ ಬಾಯಿ ತುಂಬ ಹೊಗಳುತ್ತಿದ್ದರು. ಬೀರಿದವರು ಹೊರಟ ಮೇಲೆ ಕೊಬ್ಬರಿ ಚೂರಿನ ಗಾತ್ರ ನೋಡಿ ತೀರ್ಪು ಕೊಡುತ್ತಿದ್ದರು. ದಪ್ಪ ಹೆಚ್ಚಿದವಳು ಸೋಮಾರಿ. ಈಗ ಅಂಗಡಿಯಲ್ಲಿ ಯಂತ್ರ ಹೆಚ್ಚಿದ ಕೊಬ್ಬರಿ ಪೊಟ್ಟಣದಲ್ಲಿ ಸಿಗುತ್ತದೆ. ಎಲ್ಲ ಚೂರೂ ಒಂದೇ ಅಳತೆ, ಹಾಗಾಗಿ ಆ ತೀರ್ಪಿಗೆ ಕೆಲಸವಿಲ್ಲ.

ಒಂದು ಗಿಟುಕು ಕೊಬ್ಬರಿಗೆ ಹೆರೆ, ಸೀಳು, ಹೆಚ್ಚು ಎಂಬ ಮೂರು ಕ್ರಿಯಾಪದ ಬೇಕಾದವು. ಕನ್ನಡದ ಅಡುಗೆಮನೆ ಈ ವಿಷಯದಲ್ಲಿ ಜಿಪುಣವಲ್ಲ. ಸೊಪ್ಪನ್ನು ಮೊದಲು ಸೋಸಬೇಕು, ಆಮೇಲೆ ಹೆಚ್ಚಬೇಕು. ಹಸಿಮೆಣಸಿನಕಾಯಿ ಸೀಳಬೇಕು, ಬೆಳ್ಳುಳ್ಳಿ ಜಜ್ಜಬೇಕು, ಹುರುಳಿಕಾಯಿಯ ನಾರು ತೆಗೆದು ಮುರಿಯಬೇಕು. ಅವರೆಕಾಯಿ ಬಂದರಂತೂ ಬಿಡಿಸಬೇಕು, ನೆನೆಹಾಕಬೇಕು, ಹಿಸುಕಬೇಕು. ಹಿತಕಿದ ಬೇಳೆಯ ಹೆಸರಿನಲ್ಲೇ ಅದನ್ನು ಮಾಡಿದ ಬೆರಳುಗಳ ಕೆಲಸವಿದೆ. ಮಾಂಸವಾದರೆ ಕೊಚ್ಚಬೇಕು. ಕೊಚ್ಚುವವನು ಅಡುಗೆಮನೆಯಿಂದ ಜಗಲಿಗೆ ಬಂದ ಕೂಡಲೇ ತನ್ನನ್ನೇ ‘ಕೊಚ್ಚಿಕೊಳ್ಳುತ್ತಾನೆ’, ಅಂದರೆ ಜಂಬ. ಕೊಯ್ಯುವುದು ಗದ್ದೆಯಿಂದ ಹೊರಟು ಕಾಲೇಜು ಹುಡುಗರ ಬಾಯಲ್ಲಿ ‘ಕುಯ್ಯೋದು’ ಆಗಿ, ಬೇಸರ ಹಿಡಿಸುವ ಭಾಷಣಕ್ಕೆ ಅಂಟಿಕೊಂಡಿತು. ಕುಂಬಳಕಾಯಿಯ ಕಥೆ ಇನ್ನೂ ಸೊಗಸು. ಅದಕ್ಕೆ ಮೊದಲ ಏಟು ಹೆಂಗಸರು ಹಾಕಬಾರದೆಂದು ಎಷ್ಟೋ ಮನೆಗಳಲ್ಲಿ ಗಂಡಸರನ್ನು ಕರೆಯುತ್ತಿದ್ದರು. ಒಡೆದು ಕೊಟ್ಟು ಅವರು ಹೊರಗೆ ಹೋದರೆ ಮಿಕ್ಕ ಹೆಚ್ಚುವ ಕೆಲಸವೆಲ್ಲ ಹೆಂಗಸರದೇ. ಇವತ್ತು ಪತ್ರಿಕೆಯಲ್ಲಿ ‘ಕುಂಬಳಕಾಯಿ ಒಡೆದರು’ ಎಂದು ಓದಿದರೆ ಯಾರೂ ಹುಳಿಯ ಪಾತ್ರೆ ಹುಡುಕುವುದಿಲ್ಲ, ಯಾವುದೋ ಸಿನಿಮಾದ ಚಿತ್ರೀಕರಣ ಮುಗಿಯಿತು ಅಷ್ಟೇ.

ಬೇಲೂರು ಹಳೇಬೀಡಿಗೆ ಬಂದ ಪ್ರವಾಸಿ ಅಡುಗೆಮನೆಯ ಇನ್ನು ಕೆಲವು ಕ್ರಿಯಾಪದಗಳನ್ನು ಕಲ್ಲಿನಲ್ಲೂ ಕಾಣಬಹುದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದರ ನವರಂಗದಲ್ಲಿ ತಿರುಗಣಿಗೆ ಕೊಟ್ಟು ಕಡೆದ ಕಂಬಗಳಿವೆ. ಮಜ್ಜಿಗೆ ಕಡೆಯುವುದೂ ಅದೇ ಕಡೆಯುವುದು. ಎರಡರಲ್ಲೂ ತಿರುಗುವುದೇ ಮುಖ್ಯ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಆನೆ ಸಾಲನ್ನು ಕೆತ್ತಿದರು. ದೇವಸ್ಥಾನ ನೋಡಿ ಹೊರಗೆ ಬಂದವರಿಗೆ ಗಾಡಿಯವನು ಎಳನೀರನ್ನೂ ಕೆತ್ತಿಯೇ ಕೊಡುತ್ತಾನೆ. ಈ ಗುಡಿಗಳ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಆದರೂ ಅದನ್ನು ‘ಹೆಚ್ಚಿದರು’ ಎಂದು ಯಾರೂ ಹೇಳಲಾರರು. ಕಡೆಯುವುದು, ಕೆತ್ತುವುದು, ಕೊರೆಯುವುದು ಅಡುಗೆಮನೆಗೂ ಶಿಲ್ಪಿಗೂ ಹಂಚಿಹೋಗಿವೆ. ಹೆಚ್ಚುವುದು ಮಾತ್ರ ಬಾಯಿಗೆ ಹೋಗುವ ವಸ್ತುವಿಗೇ ಮೀಸಲಾಗಿ ಉಳಿಯಿತು. ಒಂದು ಮಾತು ಇಷ್ಟು ನಿಷ್ಠೆಯಿಂದ ಒಂದೇ ಕೋಣೆಯಲ್ಲಿ ದುಡಿದದ್ದು ಅಪರೂಪ.

ಈಗ ಆ ಕೋಣೆಗೆ ಬಂದು ಕೂತಿರುವುದು ‘ಕಟ್ ಮಾಡು’. ಫೋನಿನ ಪರದೆಯ ಮೇಲಿನ ಅಡುಗೆಯಲ್ಲಿ ಈರುಳ್ಳಿಯೂ ಕಟ್, ಬೀನ್ಸೂ ಕಟ್, ಮೆಣಸಿನಕಾಯಿಯೂ ಕಟ್. ಇಂಗ್ಲಿಷ್ ಬಂತೆಂದು ಗೊಣಗುವುದು ಬೇಡ. ಕುಕ್ಕರು, ಮಿಕ್ಸಿ ಬಂದಾಗ ಯಾರೂ ಗೊಣಗಲಿಲ್ಲ. ತಕರಾರು ಬೇರೆ: ‘ಕಟ್’ ಎಂದರೆ ತುಂಡಾಯಿತು ಎಂಬುದಷ್ಟೇ ತಿಳಿಯುತ್ತದೆ, ಹೇಗೆ ತುಂಡಾಗಬೇಕು ಎಂಬುದು ತಿಳಿಯುವುದಿಲ್ಲ. ‘ಹೆಚ್ಚು’ವಿಗೂ ಅದರದೇ ಅಪಾಯವಿದೆಯೆನ್ನಿ. ‘ಈರುಳ್ಳಿ ಹೆಚ್ಚಿ ಹಾಕಿ’ ಎಂಬಲ್ಲಿ ಒಂದು ಗುಣಿತಾಕ್ಷರ ತಪ್ಪಿ ‘ಹೆಚ್ಚು ಹಾಕಿ’ ಎಂದು ಅಚ್ಚಾದರೆ ಪಲ್ಯದ ಗತಿ ಅಷ್ಟೇ. ಆದರೆ ಎಣ್ಣೆಗಾಯಿಗೆ ಬದನೆಕಾಯಿಯನ್ನು ‘ಕಟ್ ಮಾಡಿ’ ಎಂದರೆ ಹೊಸದಾಗಿ ಸೌಟು ಹಿಡಿದವರು ತೊಟ್ಟು ಎಸೆದು ಹೋಳು ಮಾಡಿಬಿಡುತ್ತಾರೆ, ಮಸಾಲೆ ತುಂಬಲು ಜಾಗವೇ ಇರುವುದಿಲ್ಲ. ಅಡುಗೆ ಬರೆಯುವವರು, ಅಡುಗೆ ತೋರಿಸುವವರು ಅಲ್ಲಿ ದಯವಿಟ್ಟು ‘ತೊಟ್ಟು ಬಿಟ್ಟು ನಾಲ್ಕಾಗಿ ಸೀಳಿ’ ಎನ್ನಿ.