ಟೈನಮ್: ಮರಳುವ ಭರವಸೆಯಲ್ಲಿ ತೊರೆದ ಹಳ್ಳಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕೌಂಟಿಯಲ್ಲಿ, ಸಮುದ್ರದ ಸಮೀಪದ ಕಣಿವೆಯೊಂದರಲ್ಲಿ ಟೈನಮ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿ ಚರ್ಚ್ ಇದೆ, ಶಾಲೆಯಿದೆ, ಅಂಚೆ ಕಚೇರಿ ಇದ್ದ ಬೀದಿಯಲ್ಲಿ ಟೆಲಿಫೋನ್ ಪೆಟ್ಟಿಗೆಯೂ ಇದೆ. ಇಲ್ಲದವರು ಹಳ್ಳಿಗರು ಮಾತ್ರ. 1943ರ ಡಿಸೆಂಬರ್‌ನಿಂದ ಇಲ್ಲಿ ಯಾರೂ ವಾಸವಾಗಿಲ್ಲ.

ಟೈನಮ್ ಹಳೆಯ ಊರು. 1086ರ ಡೂಮ್ಸ್‌ಡೇ ಭೂದಾಖಲೆಯಲ್ಲೇ ಅದರ ಹೆಸರಿದೆ. ಸೇಂಟ್ ಮೇರಿ ಚರ್ಚಿನ ಹಳೆಯ ಭಾಗಗಳು ಮಧ್ಯಯುಗಕ್ಕೆ ಸೇರಿದವು. ಹದಿನೇಳನೇ ಶತಮಾನದಿಂದ ಈ ಜಮೀನು ಬಾಂಡ್ ಮನೆತನದ ಕೈಯಲ್ಲಿತ್ತು. ಹಳ್ಳಿಗರಲ್ಲಿ ಹೆಚ್ಚಿನವರು ಗೇಣಿದಾರರು, ಕೂಲಿಕಾರರು; ಹತ್ತಿರದ ವರ್ಬ್ಯಾರೋ ಕೊಲ್ಲಿಯಲ್ಲಿ ಮೀನು ಹಿಡಿಯುವವರೂ ಇದ್ದರು. ಜನಸಂಖ್ಯೆ ಮೊದಲೇ ಕುಗ್ಗುತ್ತಿತ್ತು. ಮಕ್ಕಳಿಲ್ಲದೆ 1932ರಲ್ಲಿ ಶಾಲೆ ಮುಚ್ಚಿತು.

ಎರಡನೇ ಮಹಾಯುದ್ಧದ ವೇಳೆ, ಫ್ರಾನ್ಸಿನ ಮೇಲೆ ಇಳಿಯಲು ಮಿತ್ರರಾಷ್ಟ್ರಗಳು ಸಿದ್ಧತೆ ನಡೆಸಿದ್ದವು. ಟ್ಯಾಂಕ್ ಪಡೆಗಳ ತರಬೇತಿಗೆ ವಿಶಾಲ ಜಾಗ ಬೇಕಿತ್ತು. ಪಕ್ಕದ ಲಲ್‌ವರ್ತ್‌ನಲ್ಲಿ ಟ್ಯಾಂಕ್ ಫಿರಂಗಿ ಅಭ್ಯಾಸದ ಮೈದಾನ ಆಗಲೇ ಇತ್ತು. ಅದನ್ನು ವಿಸ್ತರಿಸಲು ಈ ಕಣಿವೆಯನ್ನು ಆರಿಸಲಾಯಿತು. 1943ರ ನವೆಂಬರ್ 16ರ ದಿನಾಂಕದ ಪತ್ರ ಮನೆ ಮನೆಗೆ ಬಂತು. ಡಿಸೆಂಬರ್ 19ರೊಳಗೆ ಊರು ಬಿಡಬೇಕಿತ್ತು. ಟೈನಮ್ ಮತ್ತು ಸುತ್ತಲಿನ ಸುಮಾರು 225 ಜನ ಗಂಟುಮೂಟೆ ಕಟ್ಟಿದರು. ಚರ್ಚು ಮತ್ತು ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ನಾವು ಮತ್ತೆ ಬರುತ್ತೇವೆ ಎಂಬರ್ಥದ ಚೀಟಿಯೊಂದು ಚರ್ಚಿನ ಬಾಗಿಲಲ್ಲಿ ಉಳಿಯಿತು.

1945ರಲ್ಲಿ ಯುದ್ಧ ಮುಗಿಯಿತು. ಮರಳುವ ಕರೆ ಮಾತ್ರ ಬರಲಿಲ್ಲ. 1948ರಲ್ಲಿ ಸರ್ಕಾರ ಈ ಭೂಮಿಯನ್ನು ಕಡ್ಡಾಯವಾಗಿ ಖರೀದಿಸಿ ಸೈನ್ಯಕ್ಕೇ ಉಳಿಸಿತು. ಜಮೀನಿನ ಬೆಲೆ ಒಡೆಯರಿಗೆ ಸಂದಿತು. ತಲೆಮಾರುಗಳಿಂದ ಬಾಳಿದರೂ ಮನೆಯ ಒಡೆತನವಿಲ್ಲದ ಗೇಣಿದಾರರಿಗೆ ಸಿಕ್ಕಿದ್ದು ಹಿತ್ತಲಿನ ಬೆಳೆಯ ಪರಿಹಾರವಷ್ಟೆ. ಅವರಿಗೆ ಊರು ಎಂದರೆ ನೆರೆಹೊರೆ, ಚರ್ಚು, ಸಮಾಧಿಗಳು. ಕಾನೂನು ಕಂಡದ್ದು ಜಮೀನನ್ನು ಮಾತ್ರ.

ಬಾಂಡ್ ಮನೆತನದ ಹಳೆಯ ಟೈನಮ್ ಬಂಗಲೆಯ ಬಹುಭಾಗವನ್ನು 1960ರ ದಶಕದಲ್ಲಿ ಕೆಡವಲಾಯಿತು. ಉಳಿದ ಮನೆಗಳು ಸೂರು ಕಳೆದುಕೊಂಡವು. 1968ರಲ್ಲಿ ಊರನ್ನು ಬಿಡಿಸಿಕೊಳ್ಳಲು ಚಳವಳಿ ಆರಂಭವಾಯಿತು. ಭೂಮಿ ಮರಳಿ ಸಿಗಲಿಲ್ಲ. 1970ರ ದಶಕದ ಮಧ್ಯಭಾಗದಿಂದ ಜನರಿಗೆ ನೋಡಲು ಅವಕಾಶವಾಯಿತು.

ಈಗ ಗುಂಡು ಹಾರಿಸುವ ಅಭ್ಯಾಸವಿಲ್ಲದ ದಿನಗಳಲ್ಲಿ, ಬಹುತೇಕ ವಾರಾಂತ್ಯಗಳಲ್ಲಿ, ಹಳ್ಳಿ ತೆರೆದಿರುತ್ತದೆ. ಚರ್ಚು ಮತ್ತು ಶಾಲೆಯನ್ನು ದುರಸ್ತಿ ಮಾಡಿ ಪ್ರದರ್ಶನಾಲಯ ಮಾಡಲಾಗಿದೆ. ಟೆಲಿಫೋನ್ ಪೆಟ್ಟಿಗೆ ಮೂಲದ್ದಲ್ಲ. 1985ರಲ್ಲಿ ಚಲನಚಿತ್ರವೊಂದರ ಚಿತ್ರೀಕರಣದ ವೇಳೆ ಹಾಳಾದದ್ದರ ಬದಲಿಗೆ ತಂದದ್ದು. ಆಧುನಿಕ ಕೃಷಿ ಕಾಲಿಡದ ಕಾರಣ ಕಣಿವೆಯಲ್ಲಿ ಕಾಡುಹೂಗಳು, ಹಕ್ಕಿಗಳು, ಚಿಟ್ಟೆಗಳು ಉಳಿದಿವೆ. ಶಾಲೆಯಲ್ಲಿ ಕೋಟು ನೇತುಹಾಕುವ ಗೂಟಗಳ ಬಳಿ ಮಕ್ಕಳ ಹೆಸರುಗಳಿವೆ. ನೋಡಲು ಬಂದವರು ಅವನ್ನು ಓದಿ, ಹೊತ್ತು ಮುಳುಗುವ ಮೊದಲು ಊರು ಬಿಡುತ್ತಾರೆ.