ಕಾಲೇಜಿನ ಮೊದಲ ವರ್ಷ: ಒಂದು ಹಿನ್ನೋಟ

ನಮ್ಮ ಶಾಲೆ ಹುಟ್ಟಿದ ಕಾಲಕ್ಕೆ ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಇಲ್ಲಿ ಹೈಸ್ಕೂಲು ಮುಗಿಸಿದವರು ಮುಂದಿನ ಓದಿಗೆ ರೈಲು ಹತ್ತಿ ಮಂಗಳೂರಿಗೆ ಹೋಗಬೇಕಾಗಿತ್ತು. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಮರುವರ್ಷವೇ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಕಾಲೇಜು ಊರಿಗೇ ಬಂದಿತು. ಆದರೆ ಅದರ ಬಾಗಿಲನ್ನು ಹೊಕ್ಕವರೆಲ್ಲರೂ ಓದು ಮುಗಿಸಿ ಹೊರಬಂದರೇ? ಶಾಲೆಗಳ ಚರಿತ್ರೆಯಲ್ಲಿ ಉತ್ತೀರ್ಣರಾದವರ ಹೆಸರುಗಳು ಹಲಗೆಯ ಮೇಲೆ ಬರುತ್ತವೆ; ನಡುವೆ ಬಿಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ. ಈ ಬರಹದಲ್ಲಿ ನಾವು ನೆನೆಯಲಿಚ್ಛಿಸುವುದು ಅವರನ್ನು.

ನಾವು ಎಸ್.ಎಸ್.ಎಲ್.ಸಿ. ಮುಗಿಸಿದಾಗ ಹದಿನೈದರ ವಯಸ್ಸಿಗೇ ಕಾಲೇಜಿನ ಪ್ರಿ-ಡಿಗ್ರಿ ತರಗತಿಯಲ್ಲಿ ಕುಳಿತುಕೊಳ್ಳಬೇಕಿತ್ತು. ಹತ್ತು ವರ್ಷ ಕನ್ನಡದಲ್ಲಿ ಕಲಿತ ಗಣಿತ, ವಿಜ್ಞಾನಗಳೆಲ್ಲ ಒಂದೇ ಬೇಸಿಗೆಯಲ್ಲಿ ಇಂಗ್ಲಿಷಾದವು. ಅರ್ಥವಾಗದವರಿಗೆಂದು ಉಪನ್ಯಾಸಕರು ಕೃಪೆಯಿಟ್ಟು ಕೊಡುತ್ತಿದ್ದ ವಿವರಣೆ ಮಲಯಾಳದಲ್ಲಿರುತ್ತಿತ್ತು; ಅದೂ ನಮ್ಮ ಪೇಟೆಯಲ್ಲಿ ಕೇಳಿ ಕಲಿತ ಮಲಯಾಳವಲ್ಲ, ತೆಂಕಣ ಜಿಲ್ಲೆಗಳ ಮಲಯಾಳ. ಗುಣಾಕಾರ, ಭಿನ್ನರಾಶಿ, ಸಮೀಕರಣ ಎಲ್ಲವನ್ನೂ ಬಲ್ಲವಳು ಅವುಗಳ ಹೊಸ ಹೆಸರುಗಳ ಮುಂದೆ ಮೂಕಿಯಾಗಿ ಕುಳಿತುದು ಇಂದಿಗೂ ನೆನಪಿದೆ. ಹಿಂದಿನ ಬೆಂಚಿನಲ್ಲಿ ನಮ್ಮಂತೆಯೇ ಕುಳಿತಿದ್ದ ಗೆಳತಿಯರಿಬ್ಬರು ಓಣಂ ರಜೆಯ ನಂತರ ಬರಲೇ ಇಲ್ಲ. ಯಾರೂ ಅವರನ್ನು ವಿಚಾರಿಸಲಿಲ್ಲ. ನಾವೂ ವಿಚಾರಿಸಲಿಲ್ಲ.

ಇಂಥವರ ಕುರಿತು ಲೋಕ ಹೇಳುವ ಮಾತು ಒಂದೇ: ಓದು ತಲೆಗೆ ಹತ್ತಲಿಲ್ಲ. ಈ ಮಾತು ಎಷ್ಟು ದೂರ ನಿಲ್ಲುತ್ತದೆಂಬುದಕ್ಕೆ ನಮ್ಮ ಹಳೆಯ ಮದರಾಸು ವಿಶ್ವವಿದ್ಯಾಲಯದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಕುಂಭಕೋಣದ ಬಡ ಮನೆಯ ಬಾಲಕನೊಬ್ಬನು 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಅಲ್ಲಿಯ ಸರಕಾರಿ ಕಾಲೇಜಿನ ಎಫ್.ಎ. ತರಗತಿಗೆ ಸೇರಿದನು. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳ ಕಡೆಗೆ ಅವನ ಮನಸ್ಸು ಹರಿಯಲಿಲ್ಲ. ಇಂಗ್ಲಿಷಿನಲ್ಲಿ ಅನುತ್ತೀರ್ಣನಾದನು, ವಿದ್ಯಾರ್ಥಿವೇತನ ನಿಂತಿತು. 1905ರಲ್ಲಿ ಮನೆಯವರಿಗೂ ಹೇಳದೆ ವಿಶಾಖಪಟ್ಟಣದ ಕಡೆಗೆ ಓಡಿಹೋದನು. ಮರುವರ್ಷ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ಪರೀಕ್ಷೆ ಕೈಗೂಡಲಿಲ್ಲ. ಆತನೇ ಶ್ರೀನಿವಾಸ ರಾಮಾನುಜನ್. ಅದೇ ಮದರಾಸು ವಿಶ್ವವಿದ್ಯಾಲಯವು 1913ರಲ್ಲಿ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟಿತು. 1918ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಎಲ್ಲರೂ ರಾಮಾನುಜನ್ ಆಗುವುದಿಲ್ಲವೆಂಬುದು ನಿಜ. ಆದರೆ ಅಂಥ ತಲೆಯನ್ನೂ ಎರಡು ಕಾಲೇಜುಗಳು ಉಳಿಸಿಕೊಳ್ಳಲಾರದೆ ಹೋದವೆಂದರೆ, ಬಿಟ್ಟುಹೋದವರಲ್ಲಿ ಮಾತ್ರ ದೋಷ ಹುಡುಕುವುದು ಹೇಗೆ?

ನಮ್ಮ ಹಿರಿಯರು ಈ ಕಷ್ಟವನ್ನು ಅರಿಯದವರಲ್ಲ. ಪಟ್ಟಣಕ್ಕೆ ಬಂದ ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿಯಿತ್ತು. ಅದರ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ನಮ್ಮ ಕಾಸರಗೋಡಿನಲ್ಲಿಯೇ ಜನಿಸಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆ ತೆರೆದರು. ಮಕ್ಕಳು ನಡುವೆ ಬಿಡದಂತೆ ಮಧ್ಯಾಹ್ನದ ಊಟವನ್ನೂ ದಿನಕ್ಕೆ ಎರಡು ಪೈಸೆಯನ್ನೂ ಕೊಡುತ್ತಿದ್ದರೆಂದು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ. ಮಗುವನ್ನು ಶಾಲೆಗೆ ಸೇರಿಸುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು ಕೆಲಸವೆಂದು ಅವರಿಗೆ ತಿಳಿದಿತ್ತು.

ಅನ್ನ, ವಸತಿ, ವೇತನಗಳು ದೊರೆತ ಮೇಲೆಯೂ ಕಾಲೇಜಿನಲ್ಲಿ ಹಿಂದೆ ಬೀಳುವವರಿದ್ದಾರೆ. ಅದೇಕೆಂಬ ಪ್ರಶ್ನೆಗೆ ನಾವು ಕಂಡ ಅತ್ಯಂತ ಸಮರ್ಪಕವಾದ ಉತ್ತರ ಬಹು ದೂರದ್ದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ವಿಶ್ವವಿದ್ಯಾಲಯದ್ದು. ಅಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ತರುಣ ಗಣಿತಜ್ಞರಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್ ವಿಷಯದಲ್ಲಿ ಚೀನಾ ಮೂಲದ ವಿದ್ಯಾರ್ಥಿಗಳು ಮುಂದಿರುವುದೂ ಕಪ್ಪು ಜನಾಂಗದ ವಿದ್ಯಾರ್ಥಿಗಳು ಸೋಲುತ್ತಿರುವುದೂ ಅವರ ಗಮನಕ್ಕೆ ಬಂದಿತು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದರು. ಬಂದ ಉತ್ತರಗಳು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಉತ್ತರಗಳೇ: ಆಸಕ್ತಿ ಸಾಲದು, ತಳಪಾಯ ಗಟ್ಟಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ.

ಟ್ರೈಸ್ಮನ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಎರಡೂ ಗುಂಪುಗಳಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿ, ಅವರು ಹೇಗೆ ಓದುತ್ತಾರೆಂಬುದನ್ನು ಹದಿನೆಂಟು ತಿಂಗಳ ಕಾಲ ಹತ್ತಿರದಿಂದ ನೋಡಿದರು. ಅಧ್ಯಾಪಕರ ನಾಲ್ಕು ಊಹೆಗಳೂ ಸುಳ್ಳಾದವು. ಸೋಲುತ್ತಿದ್ದವರಲ್ಲಿ ತಮ್ಮ ಶಾಲೆಗೆ ಮೊದಲಿಗರಾಗಿದ್ದವರಿದ್ದರು. ಮಕ್ಕಳನ್ನು ಕಾಲೇಜಿಗೆ ಕಳಿಸಲೇಬೇಕೆಂದು ಹಟ ಹಿಡಿದ ತಂದೆತಾಯಿಗಳಿದ್ದರು. ಅವರು ಸೋಮಾರಿಗಳೂ ಆಗಿರಲಿಲ್ಲ. ಒಂದು ಗಂಟೆಯ ಪಾಠಕ್ಕೆ ಎರಡು ಗಂಟೆ ಓದಬೇಕೆಂದು ಹೇಳಿದ್ದರೆ ಅಷ್ಟೇ ಗಂಟೆ ಕುಳಿತು ಓದುತ್ತಿದ್ದರು, ಒಬ್ಬೊಬ್ಬರೇ. ಚೀನಾ ಮೂಲದವರು ಒಂಟಿಯಾಗಿ ಓದಿದ ನಂತರ ಸಂಜೆ ಒಟ್ಟಿಗೆ ಸೇರುತ್ತಿದ್ದರು. ಊಟ ಮಾಡುತ್ತ ಲೆಕ್ಕಗಳನ್ನು ತಾಳೆ ನೋಡುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತ, ತಪ್ಪಿದವನನ್ನು ಅಲ್ಲಿಯೇ ತಿದ್ದುತ್ತಿದ್ದರು. ಒಂದು ಲೆಕ್ಕ ಯಾರಿಂದಲೂ ಆಗದಿದ್ದರೆ ಲೆಕ್ಕವೇ ಕಠಿಣವೆಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕುಳಿತವನಿಗೆ ತಾನೇ ದಡ್ಡನೆನಿಸುತ್ತಿತ್ತು.

ಅವರ ಪರಿಹಾರವೂ ನಾವು ಎಣಿಸುವಂಥದ್ದಲ್ಲ. ದುರ್ಬಲರಿಗೆಂದು ವಿಶೇಷ ತರಗತಿ ತೆರೆದರೆ ಸ್ವಾಭಿಮಾನಿಗಳಾದ ಮಕ್ಕಳು ಅತ್ತ ಸುಳಿಯುವುದಿಲ್ಲವೆಂದು ಅವರು ಕಂಡಿದ್ದರು. ಆದ್ದರಿಂದ ಇದನ್ನು ಪ್ರತಿಭಾವಂತರ ಕೂಟವೆಂದು ಕರೆದು, ಸಾಮಾನ್ಯ ತರಗತಿಗಿಂತ ಕಠಿಣವಾದ ಲೆಕ್ಕಗಳನ್ನು ಸಣ್ಣ ಗುಂಪುಗಳಿಗೆ ಕೊಟ್ಟರು. ಪಕ್ಕದಲ್ಲೊಬ್ಬ ಮಾರ್ಗದರ್ಶಿ ಇರುತ್ತಿದ್ದನು. ಆತ ಉತ್ತರ ಹೇಳುತ್ತಿರಲಿಲ್ಲ. ಅದರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳು ಸೇರದ ತಮ್ಮವರಿಗಿಂತ ಬಹಳ ಮುಂದೆ ಹೋದರು. ಈ ವೃತ್ತಾಂತವನ್ನು ಟ್ರೈಸ್ಮನ್ 1992ರಲ್ಲಿ ಬರೆದು ಪ್ರಕಟಿಸಿದ್ದಾರೆ.

ಇದೇ ಕಾಲದ ಇನ್ನೊಂದು ಪ್ರಯೋಗವೂ ಇದೆ. 1973ರಲ್ಲಿ ಕ್ಯಾನ್ಸಸ್ ಸಿಟಿಯ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬವರು ಹಿಂದುಳಿದ ವಿದ್ಯಾರ್ಥಿಗಳ ಪಟ್ಟಿ ಮಾಡುವುದನ್ನು ಬಿಟ್ಟು ಹೆಚ್ಚು ಮಂದಿ ಸೋಲುವ ವಿಷಯಗಳ ಪಟ್ಟಿ ಮಾಡಿದರು. ಆ ವಿಷಯದಲ್ಲಿ ಹಿಂದೆ ಚೆನ್ನಾಗಿ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿಯೊಬ್ಬನು ಪಾಠಕ್ಕೆ ಪುನಃ ಬಂದು ಕುಳಿತು, ಬಳಿಕ ಕಿರಿಯರೊಡನೆ ಅದನ್ನು ಚರ್ಚಿಸುವ ಏರ್ಪಾಡು ಅದು. ಮುಂದೆ ಅನೇಕ ದೇಶಗಳಲ್ಲಿ ಅದನ್ನು ಅನುಸರಿಸಿದರು.

ಇವನ್ನು ನಾವು ಓದಿದುದು ಮುಖ್ಯೋಪಾಧ್ಯಾಯಿನಿಯಾದ ಮೇಲೆ. ಓದುವಾಗ ಕಣ್ಣ ಮುಂದಿದ್ದವಳು ಒಬ್ಬ ಹಳೆ ವಿದ್ಯಾರ್ಥಿನಿ. ಗಣಿತದಲ್ಲಿ ಅವಳ ಸಮಾನರಿರಲಿಲ್ಲ. ಪದವಿ ತರಗತಿಗೆ ಸೇರಿ ಮೊದಲ ವರ್ಷವೇ ಬಿಟ್ಟಳು. ಯಾವುದೋ ದೃಢೀಕರಣ ಪತ್ರಕ್ಕಾಗಿ ಕಚೇರಿಗೆ ಬಂದಾಗ, ಏಕಮ್ಮಾ ಬಿಟ್ಟೆ ಎಂದು ಕೇಳಿದೆವು. “ಟೀಚರ್, ಅಲ್ಲಿ ಡೌಟು ಕೇಳಲು ನನಗೆ ಯಾವ ಭಾಷೆಯೂ ಇರಲಿಲ್ಲ” ಎಂದಳು. ಹತ್ತು ವರ್ಷ ಕಲಿಸಿದ ನಾವು ಆ ಒಂದು ವರ್ಷದಲ್ಲಿ ಅವಳನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಟಿ.ಸಿ. ಕೊಟ್ಟ ದಿನವೇ ನಮ್ಮ ಹೊಣೆ ತೀರಿತೆಂದು ತಿಳಿದಿದ್ದೆವು.

ಆ ಬಳಿಕ ಗ್ರಂಥಾಲಯದ ಕೋಣೆಯನ್ನು ಶನಿವಾರ ಅಪರಾಹ್ನ ಹಳೆ ವಿದ್ಯಾರ್ಥಿಗಳಿಗೆ ತೆರೆದಿರಿಸಿದ್ದೇವೆ. ಕಾಲೇಜು ಸೇರಿದ ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಮೇಲಿನ ತರಗತಿಯವರು ಜೊತೆಗೆ ಕೂರುತ್ತಾರೆ. ಇಂಗ್ಲಿಷ್ ಪುಸ್ತಕದ ಲೆಕ್ಕವನ್ನು ಕನ್ನಡದಲ್ಲೋ ತುಳುವಿನಲ್ಲೋ ವಾದಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮೊದಲ ದಿನ ಬಂದವರು ಮೂವರೇ. ಕೋಣೆಗೆ ಯಾವ ಹೆಸರನ್ನೂ ಇಟ್ಟಿಲ್ಲ. ಹಿಂದುಳಿದವರದೆಂಬ ಬೋರ್ಡಂತೂ ಬೇಡವೇ ಬೇಡವೆಂದು ಮಕ್ಕಳೇ ಹೇಳಿದರು. ಎಲ್ಲರೂ ಉಳಿದರೆಂದು ಹೇಳಲಾರೆವು. ಮನೆಯ ಅಡಚಣೆಯಿಂದ ಬಿಟ್ಟವರಿದ್ದಾರೆ, ಮದುವೆಯಾಗಿ ಹೋದವರಿದ್ದಾರೆ. ಆದರೆ ಯಾರು ಬರಲಿಲ್ಲವೆಂಬುದು ಮರುದಿನವೇ ನಮಗೆ ತಿಳಿಯುತ್ತದೆ, ಯಾರಾದರೊಬ್ಬರು ಫೋನು ಮಾಡುತ್ತಾರೆ.

ಕಚೇರಿಗೆ ಬಂದಿದ್ದ ಆ ಹುಡುಗಿಯ ತಂಗಿ ಈಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಶನಿವಾರಗಳಲ್ಲಿ ಕಿರಿಯರಿಗೆ ಕ್ಯಾಲ್ಕುಲಸ್ ಹೇಳಿಕೊಡುವವಳು ಅವಳೇ. ಕೆಲವೊಮ್ಮೆ ಅಕ್ಕನೂ ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾಳೆ.