ಕಷಾಯಕ್ಕೆ ಜೀವಕೋಶದ ಪರೀಕ್ಷೆ

ಕೊರೊನಾ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ನಮ್ಮ ಚಿಕ್ಕೋಡಿ, ಕಬ್ಬೂರ ಕಡೆಗೂ ಎಷ್ಟೋ ಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ಕುದಿಯಿತು. ಅದೇ ಬಳ್ಳಿಯನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಸೇವಿಸಿದ್ದು ಅದನ್ನು ಹೋಲುವ ಬೇರೊಂದು ಬಳ್ಳಿ ಇದ್ದಿರಬಹುದು ಎಂದಿತು. ಇಂಥ ತಕರಾರನ್ನು ಬಗೆಹರಿಸುವ ಬಗೆ ಯಾವುದು?

ಗಿಡದಲ್ಲಿ ವಿಷವಿರುತ್ತದೆ ಎಂಬುದು ನಮ್ಮ ವೈದ್ಯರಿಗೆ ಹೊಸದಲ್ಲ. ವತ್ಸನಾಭಿಯ ಗೆಡ್ಡೆಯನ್ನು ಗೋಮೂತ್ರದಲ್ಲಿ ನೆನೆಸಿ ಅಥವಾ ಹಾಲಿನಲ್ಲಿ ಬೇಯಿಸಿ ಶೋಧಿಸದೆ ಅವರು ಮುಟ್ಟುತ್ತಿರಲಿಲ್ಲ. ಹಾಗೆ ಶೋಧಿಸಿದಾಗ ಅದರೊಳಗಿನ ಅಕೊನಿಟಿನ್ ಒಡೆದು ಸೌಮ್ಯವಾಗುತ್ತದೆ ಎಂದು ರಸಾಯನಶಾಸ್ತ್ರವೂ ತೋರಿಸಿದೆ. ಆದರೆ ಆ ಅನುಭವಕ್ಕೆ ಸಿಕ್ಕಿದ್ದು ತಕ್ಷಣ ಎರಗುವ ವಿಷ ಮಾತ್ರ. ನಿಧಾನದ ವಿಷ ತಲೆಮಾರುಗಳ ಕಣ್ಣನ್ನೂ ತಪ್ಪಿಸುತ್ತದೆ. ತೂಕ ಇಳಿಸಲೆಂದು ಚೀನೀ ಮೂಲಿಕೆ ಸೇವಿಸಿದ ಬೆಲ್ಜಿಯಂ ಮಹಿಳೆಯರ ಮೂತ್ರಪಿಂಡಗಳು ಕೆಟ್ಟ ಸುದ್ದಿ 1993ರಲ್ಲಿ ಪ್ರಕಟವಾಯಿತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ಅದು ಕ್ಯಾನ್ಸರನ್ನೂ ತರುತ್ತದೆ. ಹಾವಿನ ವಿಷಕ್ಕೆ ಮದ್ದೆಂದು ನಾವು ನಂಬಿದ ಈಶ್ವರಬಳ್ಳಿಯೂ ಆ ಆಮ್ಲವಿರುವ ಗಿಡಗಳ ಕುಲದ್ದೇ.

ಇಂಥ ವಿಷವನ್ನು ಪತ್ತೆಹಚ್ಚುವ ಒಂದು ದಾರಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶದ ಮೇಲೆ ಪರೀಕ್ಷಿಸುವುದು. ದೇಹದ ಹೊರಗೆ ಕೋಶ ಬೆಳೆಸಬಹುದೆಂದು 1907ರಲ್ಲಿ ವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆಯ ನರಕೋಶದಿಂದ ತೋರಿಸಿದ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗಡ್ಡೆಯಿಂದ, ಆಕೆಯ ಒಪ್ಪಿಗೆಯಿಲ್ಲದೆ ತೆಗೆದ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. 1983ರಲ್ಲಿ ಟಿಮ್ ಮೋಸ್‌ಮನ್ ಕೊಟ್ಟ ಎಂಟಿಟಿ ಪರೀಕ್ಷೆ, ಕೋಶಗಳು ಎಷ್ಟು ಬದುಕಿವೆಯೆಂದು ಅಳೆಯುವ ಕೆಲಸವನ್ನು ಅಗ್ಗವಾಗಿಸಿತು. 96 ಗುಳಿಗಳ ತಟ್ಟೆಯಲ್ಲಿ ಕೋಶ ಬೆಳೆಸಿ, ಗಿಡದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಕೊನೆಗೆ ಹಳದಿ ಬಣ್ಣದ ದ್ರಾವಣ ಸೇರಿಸುತ್ತಾರೆ. ಬದುಕಿದ ಕೋಶ ಅದನ್ನು ನೇರಳೆ ಮಾಡುತ್ತದೆ. ಎಷ್ಟು ನೇರಳೆಯೋ ಅಷ್ಟು ಜೀವ.

ತೊಡಕಿರುವುದೂ ಇಲ್ಲಿಯೇ. ಮೂಲಿಕೆಯೊಳಗಿನ ಪಾಲಿಫಿನಾಲ್‌ಗಳು ಕೋಶವಿಲ್ಲದೆಯೂ ಆ ಹಳದಿಯನ್ನು ನೇರಳೆ ಮಾಡಬಲ್ಲವು. ಆಗ ಸತ್ತ ಕೋಶವೂ ಬದುಕಿದಂತೆ ಲೆಕ್ಕಕ್ಕೆ ಬರುತ್ತದೆ. ಕೋಶವಿಲ್ಲದ ಗುಳಿಯಲ್ಲಿ ಬರೀ ಸಾರವನ್ನಿಟ್ಟು ತಾಳೆ ನೋಡದ ವರದಿಯನ್ನು ನಾನಂತೂ ನಂಬಲಾರೆ. ಇನ್ನು ಕೆಲವು ವಿಷಗಳು ಯಕೃತ್ತಿನ ಕಿಣ್ವ ಸೋಕಿದ ಮೇಲೆಯೇ ವಿಷವಾಗುತ್ತವೆ. 1975ರಲ್ಲಿ ಈಗಿನ ಛತ್ತೀಸಗಢದ ಸರ್ಗುಜಾದ ಜನ ಉಂಡ ಕಿರುಧಾನ್ಯದಲ್ಲಿ ಸೇರಿ ಅವರ ಯಕೃತ್ತನ್ನು ಕೆಡಿಸಿದ ಕಳೆಬೀಜದ ವಿಷ ಅಂಥದ್ದು. ಪ್ರಯೋಗಾಲಯದ ಅಚ್ಚುಮೆಚ್ಚಿನ ಹೆಪ್‌ಜಿ2 ಯಕೃತ್ಕೋಶದಲ್ಲಿ ಆ ಕಿಣ್ವಗಳು ಕಡಿಮೆ. ಅದು ಪಾಸು ಮಾಡಿತೆಂದು ಕಷಾಯ ನಿರಪಾಯವಲ್ಲ.

ಈ ಕೆಲಸಕ್ಕೆ ಬೇಕಾದ ನೆಲೆ ನಮ್ಮ ಸುತ್ತಲೇ ಇದೆ. ಕೋಶಗಳನ್ನು ಕಾಪಿಟ್ಟು ಕೊಡುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ ಪುಣೆಯಲ್ಲಿದೆ. ಬೆಳಗಾವಿಯಲ್ಲಿ 2006ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಆರಂಭವಾದ ಐಸಿಎಂಆರ್ ಸಂಸ್ಥೆ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಾಗಿದೆ. ಆದರೆ ಮೆಥನಾಲಿನಲ್ಲಿ ಇಳಿಸಿದ ಸಾರದ ಮೇಲೆ ಪ್ರಬಂಧಗಳು ಬಹಳ ಬಂದಿವೆ; ನಮ್ಮ ಜನ ಕುಡಿಯುವುದು ನೀರಲ್ಲಿ ಕುದಿಸಿದ್ದನ್ನು. ಸಸ್ಯಶಾಸ್ತ್ರಜ್ಞರು ಗುರುತಿಸಿದ ಬಳ್ಳಿಯನ್ನು, ಮನೆಯಲ್ಲಿ ಕುದಿಸುವ ಹದದಲ್ಲೇ ಕುದಿಸಿ, ಕಿಣ್ವ ಸಮೃದ್ಧವಾದ ಯಕೃತ್ಕೋಶಗಳ ಮೇಲೆ ಮೊದಲು ಪರೀಕ್ಷಿಸಬೇಕು.